ಅಂಗಳ ಬಿಟ್ಟುಕೊಟ್ಟವರು

ಪ್ಯಾಡಿಂಗ್ಟನ್ನಿನಿಂದ ಹೊರಟ ರೈಲು ಎಕ್ಸೆಟರ್ ದಾಟಿದ ಮೇಲೆ ಸಮುದ್ರದ ಅಂಚಿಗೇ ಬಂದುಬಿಡುತ್ತದೆ. ಒಂದು ಕಡೆ ಅಲೆ, ಇನ್ನೊಂದು ಕಡೆ ಡಾಲಿಶ್ ಊರಿನ ಕೆಂಪು ಬಂಡೆ. ಬಂಡೆಯೊಳಗಿನ ಸುರಂಗಗಳನ್ನು ಒಂದೊಂದಾಗಿ ಹೊಕ್ಕು ಹೊರಬಂದು ಹಳಿ ಮತ್ತೆ ಒಳನಾಡಿಗೆ ತಿರುಗುತ್ತದೆ. ಟಾಟ್ನೆಸ್ ಬಂತು, ಇಳಿಯಿರಿ. ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆ ಇದು. ವರ್ಷ 1931.

ಡಾರ್ಟಿಂಗ್ಟನ್ ಹಾಲ್‌ಗೆ ಇಲ್ಲಿಂದ ಎರಡು ಮೈಲಿ, ನಡೆದೇ ಹೋಗೋಣ. ದಾರಿ ತಗ್ಗಿನಲ್ಲಿ ಸಾಗುತ್ತದೆ. ಎರಡೂ ಮಗ್ಗುಲಿಗೆ ಆಳೆತ್ತರದ ಮಣ್ಣಿನ ಏರಿ, ಏರಿಯ ಮೇಲೆ ಹಸಿರು ಬೇಲಿ. ಮಳೆ ಬಿದ್ದರೆ ಬೂಟಿಗೆ ಮೆತ್ತಿಕೊಳ್ಳುವುದು ನಮ್ಮ ಮಲೆನಾಡಿನ ಹಾದಿಯಂಥದೇ ಕೆಮ್ಮಣ್ಣು. ಬಲಗಡೆ ಮರಗಳ ಸಂದಿನಲ್ಲಿ ಡಾರ್ಟ್ ನದಿ ಕಾಣಿಸಿ ಮರೆಯಾಗುತ್ತದೆ. ಪೇಟೆಯಲ್ಲಿ ಯಾರನ್ನಾದರೂ ಡಾರ್ಟಿಂಗ್ಟನ್ ಶಾಲೆಗೆ ಹೇಗೆ ಹೋಗಬೇಕೆಂದು ಕೇಳಿ ನೋಡಿ. ದಾರಿ ತೋರಿಸುತ್ತಾರೆ, ಜೊತೆಗೆ ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡುತ್ತಾರೆ. ಅಲ್ಲಿ ಹುಡುಗರು, ಹುಡುಗಿಯರು ಒಂದೇ ಕಡೆ ಉಳಿದು ಓದುತ್ತಾರಂತೆ. ಬೆತ್ತವಿಲ್ಲವಂತೆ, ಪ್ರಾರ್ಥನೆಗೆ ಬರಲೇಬೇಕೆಂದಿಲ್ಲವಂತೆ, ಮೈಮೇಲೆ ಬಟ್ಟೆಯಿಲ್ಲದೆ ಈಜುತ್ತಾರಂತೆ. ಊರಿನ ಚರ್ಚಿನ ಪಾದ್ರಿಗಂತೂ ಆ ಶಾಲೆಯ ಹೆಸರೆತ್ತಿದರೆ ಆಗುವುದಿಲ್ಲ. ಈಗ ಅಂತೆಕಂತೆಗಳ ಜೊತೆಗೆ ನಿಜವಾದ ಸುದ್ದಿಯೊಂದು ಸೇರಿಕೊಂಡಿದೆ: ಶುರುವಾದಂದಿನಿಂದ ಹೆಡ್‌ಮಾಸ್ಟರೇ ಇಲ್ಲದೆ ನಡೆದ ಆ ಶಾಲೆಗೆ ಅಮೆರಿಕದಿಂದ ಒಬ್ಬರು ಹೆಡ್‌ಮಾಸ್ಟರಾಗಿ ಬರುತ್ತಿದ್ದಾರೆ.

ಏರು ಹತ್ತಿ ಕಮಾನಿನೊಳಗಿಂದ ಹೋದರೆ ನೀವು ದೊಡ್ಡ ಅಂಗಳದಲ್ಲಿರುತ್ತೀರಿ. ಸುತ್ತ ಬೂದು ಕಲ್ಲಿನ ಕಟ್ಟಡಗಳ ಸಾಲು, ನಡುವೆ ಹುಲ್ಲು, ಆ ತುದಿಗೆ ಹೆಬ್ಬಾಗಿಲಿನ ಗೋಪುರ ಹೊತ್ತ ಮಹಾಹಜಾರ. 14ನೇ ಶತಮಾನದ ಕೊನೆಗೆ ಎರಡನೇ ರಿಚರ್ಡ್ ದೊರೆಯ ಮಲಸಹೋದರ ಜಾನ್ ಹಾಲೆಂಡ್ ಕಟ್ಟಿಸಿದ್ದು. ಈಗಿನ ಯಜಮಾನರು 1925ರಲ್ಲಿ ಇದನ್ನು ಕೊಂಡಾಗ ಹಜಾರಕ್ಕೆ ಮಾಡೇ ಇರಲಿಲ್ಲ; ಆಕಾಶವೇ ಮಾಡು. ವಿಲಿಯಂ ವಿಯರ್ ಎಂಬ ವಾಸ್ತುಶಿಲ್ಪಿ ಇದೇ ಎಸ್ಟೇಟಿನ ಓಕ್ ಮರಗಳನ್ನು ಕಡಿಸಿ, ಹಳೆಯ ಕೆತ್ತನೆಯ ಕ್ರಮದಲ್ಲೇ ತೊಲೆ ಕೂರಿಸಿ, ವರ್ಷಗಟ್ಟಲೆ ಇದಕ್ಕಾಗಿ ದುಡಿದಿದ್ದಾರೆ. ಗೋಡೆಯಾಚೆ ಹೂದೋಟ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹುಲ್ಲುದಿಬ್ಬಗಳು, ಹನ್ನೆರಡು ಅಪೊಸ್ತಲರೆಂದು ಹೆಸರಾದ ಯೂ ಮರಗಳ ಸಾಲು. ಇನ್ನೊಂದು ಪಕ್ಕದಲ್ಲಿ, ಹಳೆಯ ಚರ್ಚಿನ ಉಳಿದ ಒಂಟಿ ಗೋಪುರದ ಬಳಿ, ಅವೆಲ್ಲಕ್ಕಿಂತ ಬಹಳ ಹಿಂದಿನ ಇನ್ನೊಂದು ಯೂ ಮರ.

ಇಷ್ಟು ಹಳೆಯ ಅಂಗಳದಲ್ಲಿ ಓಡಾಡುತ್ತಿರುವ ಮಕ್ಕಳನ್ನು ನೋಡಿ. ಯಾರಿಗೂ ಸಮವಸ್ತ್ರವಿಲ್ಲ. ಇಂಗ್ಲೆಂಡಿನ ಹೆಸರಾಂತ ಬೋರ್ಡಿಂಗ್ ಶಾಲೆಗಳಲ್ಲಿ ಈ ಹೊತ್ತಿಗೆ ಲ್ಯಾಟಿನ್ ವ್ಯಾಕರಣ, ಬೆತ್ತ, ಸೈನಿಕ ಕವಾಯತು, ಕಿರಿಯರನ್ನು ದುಡಿಸಿಕೊಳ್ಳುವ ಹಿರಿಯ ಹುಡುಗರ ದರ್ಬಾರು. ಇಲ್ಲಿ ಅದ್ಯಾವುದೂ ಇಲ್ಲ. ಬಹುಮಾನವೂ ಇಲ್ಲ, ಅಂಕದ ಪೈಪೋಟಿಯೂ ಇಲ್ಲ. ಹದಿನಾರರ ಹರೆಯದ ಒಬ್ಬ ಹುಡುಗ ಇಲ್ಲಿದ್ದಾನೆ, ಹೆಸರು ಮೈಕೇಲ್ ಯಂಗ್. ಬೇರೆ ಶಾಲೆಗಳಲ್ಲಿ ನೊಂದು, ಎರಡು ವರ್ಷದ ಹಿಂದೆ ಇಲ್ಲಿಗೆ ಬಂದವನು. ಇವನ ಮುಖವನ್ನು ನೆನಪಿಟ್ಟುಕೊಳ್ಳಿ.

ಅಂಗಳದ ಯಜಮಾನರು ಇಬ್ಬರು. ಡೊರೊಥಿ ಅಮೆರಿಕದ ವಿಟ್ನಿ ಮನೆತನದ ಮಗಳು, ಅಪಾರ ಆಸ್ತಿಗೆ ವಾರಸುದಾರಳು. ಮೊದಲ ಪತಿ ವಿಲರ್ಡ್ ಸ್ಟ್ರೇಟ್ ಜೊತೆ ಸೇರಿ 'ನ್ಯೂ ರಿಪಬ್ಲಿಕ್' ಪತ್ರಿಕೆಗೆ ಹಣ ಕೊಟ್ಟು ಹುಟ್ಟಿಸಿದವರು. ಜಾನ್ ಡ್ಯೂಯಿಯಂಥ ಶಿಕ್ಷಣ ಚಿಂತಕರ ಬರಹ ಬರುತ್ತಿದ್ದ ಪತ್ರಿಕೆ ಅದು. 1918ರಲ್ಲಿ ಪತಿ ತೀರಿಕೊಂಡರು. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಯಾರ್ಕ್‌ಷೈರಿನವರು, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿದವರು. ಇಬ್ಬರೂ 1925ರಲ್ಲಿ ಮದುವೆಯಾಗಿ, ಅದೇ ವರ್ಷ ಈ ಪಾಳುಬಿದ್ದ ಜಾಗ ಕೊಂಡರು. ಹಳ್ಳಿಗಾಡು ಸೊರಗುತ್ತಿರುವ ಕಾಲದಲ್ಲಿ ಒಂದು ಎಸ್ಟೇಟು ಹೇಗೆ ತನ್ನ ಕಾಲಮೇಲೆ ನಿಂತೀತೆಂದು ಕಂಡುಕೊಳ್ಳುವುದು ಅವರ ಪ್ರಯೋಗ. ಕೋಳಿಸಾಕಣೆ, ಹೈನು, ಅರಣ್ಯ, ಮರಕೊಯ್ಯುವ ಗಿರಣಿ, ಉಣ್ಣೆಬಟ್ಟೆಯ ಗಿರಣಿ, ಸೇಬಿನ ಸೈಡರು. ಇವೆಲ್ಲದರ ನಡುವೆ ಒಂದು ಶಾಲೆ.

ಆ ಶಾಲೆ 1926ರ ಸೆಪ್ಟೆಂಬರಿನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಇದೇ ಅಂಗಳದಲ್ಲಿ ಶುರುವಾಯಿತು. ಡೊರೊಥಿಯ ಮೊದಲ ಮದುವೆಯ ಮೂವರು ಮಕ್ಕಳೂ ಅದರಲ್ಲಿದ್ದರು. ತರಗತಿಯೆಂದರೆ ಇಡೀ ಎಸ್ಟೇಟು. ಕೋಳಿಗೂಡು ನಡೆಸುತ್ತ ಲೆಕ್ಕ, ಕಾಡಿನಲ್ಲಿ ಸಸ್ಯಶಾಸ್ತ್ರ. ನಿಯಮಗಳು ಸಭೆಯಲ್ಲಿ ಆಗುತ್ತಿದ್ದವು, ಸಭೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮಾತಿನ ಹಕ್ಕು. ಹೆಡ್‌ಮಾಸ್ಟರ್ ಬೇಕೆಂದು ಯಾರಿಗೂ ಅನಿಸಲಿಲ್ಲ. ಮೇಲೊಬ್ಬ ಕೂತರೆ ಕೆಳಗಿರುವವರು ಅವನ ಮುಖ ನೋಡಿ ನಡೆಯಲು ಕಲಿಯುತ್ತಾರೆ ಎನ್ನುವ ಭಯ ಅವರಿಗಿತ್ತು, ಆ ಭಯ ಸುಳ್ಳೂ ಅಲ್ಲ.

ಆದರೆ ನಾಲ್ಕೈದು ವರ್ಷದಲ್ಲಿ ಇನ್ನೊಂದು ಮುಖವೂ ಕಂಡಿತು. ಹೆಡ್‌ಮಾಸ್ಟರ್ ಇಲ್ಲದ ಶಾಲೆಯಲ್ಲಿ ಅಧಿಕಾರ ಇಲ್ಲವಾಗುವುದಿಲ್ಲ, ಹೆಸರಿಲ್ಲದೆ ಉಳಿಯುತ್ತದೆ. ಡಾರ್ಟಿಂಗ್ಟನ್ನಿನಲ್ಲಿ ಅದು ಜಾಗ ಯಾರದೋ, ಹಣ ಯಾರದೋ ಅವರ ಹತ್ತಿರವೇ ಉಳಿಯಿತು. ಎಲ್ಮ್‌ಹರ್ಸ್ಟ್ ದಂಪತಿ ಎಷ್ಟೇ ಮೃದುವಾಗಿ ಮಾತಾಡಲಿ, ಅವರ ಅಂಗಳದಲ್ಲಿ, ಅವರ ಮಕ್ಕಳು ಓದುವ ಶಾಲೆಯಲ್ಲಿ, ಅವರಿಂದಲೇ ಸಂಬಳ ಪಡೆಯುವ ಶಿಕ್ಷಕರೊಬ್ಬರು ಸಭೆಯಲ್ಲಿ ಅವರ ವಿರುದ್ಧ ಕೈಯೆತ್ತುವುದು ಸುಲಭವೇನು? ಇದನ್ನು ಒಪ್ಪಿಕೊಂಡದ್ದೇ ಅವರ ದೊಡ್ಡತನವೆಂದು ನನಗೆ ಅನ್ನಿಸುತ್ತದೆ. ಶಾಲೆ ನಿಜಕ್ಕೂ ಸ್ವತಂತ್ರವಾಗಬೇಕಾದರೆ ಮೊದಲು ಸ್ವತಂತ್ರವಾಗಬೇಕಾದ್ದು ತಮ್ಮಿಂದ ಎಂದು ಅವರಿಗೆ ಹೊಳೆಯಿತು. ಹೊರಗಿನಿಂದ ಒಬ್ಬರನ್ನು ಕರೆಯಬೇಕು. ಬಂದವರಿಗೆ ಇಲ್ಲ ಅನ್ನುವ ಹಕ್ಕೂ ಇರಬೇಕು, ತಮಗೂ ಸೇರಿ.

ಆರಿಸಿದ್ದು ವಿಲಿಯಂ ಬರ್ನ್‌ಲೀ ಕರ್ರಿ ಎಂಬುವರನ್ನು. 1900ರಲ್ಲಿ ಹುಟ್ಟಿದವರು, ಅಂದರೆ ಇನ್ನೂ ಮೂವತ್ತೊಂದರ ಹರೆಯ. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಓದಿ, ಇಂಗ್ಲೆಂಡಿನಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಓದಿಸಿದ ಮೊದಲ ಬೋರ್ಡಿಂಗ್ ಶಾಲೆಗಳಲ್ಲೊಂದಾದ ಬೆಡೇಲ್ಸ್‌ನಲ್ಲಿ ಪಾಠ ಹೇಳಿ, ಆಮೇಲೆ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಓಕ್ ಲೇನ್ ಕಂಟ್ರಿ ಡೇ ಶಾಲೆಯನ್ನು ನಡೆಸಿದವರು. ಡ್ಯೂಯಿ ಹಾಕಿದ ಹಾದಿಯಲ್ಲಿ ನಡೆಯುತ್ತಿದ್ದ ಶಾಲೆಗಳ ಕಾಲ ಅದು. ವಿಚಾರದಲ್ಲಿ ಕರ್ರಿಯವರಿಗೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಗುರು. ಕೇಳಿ, ವಾದಿಸಿ, ಕಾರಣ ಕೊಟ್ಟು ಒಪ್ಪಿಸಬೇಕು. ಹೆದರಿಸಿ ಒಪ್ಪಿಸುವುದು ಪಾಠವಲ್ಲ ಎಂಬ ನಂಬಿಕೆಯ ಮನುಷ್ಯ.

ಈಗ ಅಂಗಳದಲ್ಲಿ ನಿಂತು ನೋಡಿ. ಈ ಶಾಲೆ ಹೊಸ ಮುಖ್ಯಸ್ಥನನ್ನು ಹೇಗೆ ಎದುರುಗೊಳ್ಳಬೇಕು? ಸಾಲಾಗಿ ನಿಲ್ಲಿಸಿ ಒಕ್ಕೊರಲಿನಲ್ಲಿ ನಮಸ್ಕಾರ ಹೇಳಿಸುವ ಪದ್ಧತಿಯನ್ನೇ ಬಿಟ್ಟವರು ಇವರು. ಕವಾಯತು ಇಲ್ಲ, ಬ್ಯಾಂಡಿಲ್ಲ. ಇದ್ದರೂ ಅದು ಸ್ವಾಗತವಾಗುತ್ತಿರಲಿಲ್ಲ. ಬೆತ್ತವಿಲ್ಲದ ಶಾಲೆಯ ಮಗು ದೊಡ್ಡವರನ್ನು ಬಗ್ಗಿ ನೋಡುವುದಿಲ್ಲ, ನೇರವಾಗಿ ನೋಡುತ್ತದೆ. ಆ ನೋಟವನ್ನು ತಡೆದುಕೊಳ್ಳುವುದು ಬಂದವರ ಮೊದಲ ಪರೀಕ್ಷೆ. ಇದುವರೆಗೆ ಸಭೆಯಲ್ಲಿ ಮಾತಾಡಿದ್ದ ಹುಡುಗಿಗೆ ಇನ್ನು ಮುಂದೆಯೂ ಮಾತು ಉಳಿಯುತ್ತದೆಯೇ? ತರಗತಿಯಿಂದ ಎದ್ದು ಕಾಡಿಗೆ ಹೋಗುತ್ತಿದ್ದ ಹುಡುಗನನ್ನು ತಡೆಯುತ್ತಾರೆಯೇ? ಶಿಕ್ಷಕರ ಆತಂಕ ಬೇರೆ. ಐದು ವರ್ಷ ಮೈಮರೆತು ಕಟ್ಟಿದ್ದನ್ನು ಅಮೆರಿಕದಿಂದ ಬಂದವರೊಬ್ಬರು ಅಳೆದು ತೂಗುತ್ತಾರೆ. ಯಾರಿಗೂ ಎದೆ ಹಗುರವಾಗಿ ಇರಲಾರದು.

ಇವರೆಲ್ಲರಿಗಿಂತ ನಾನು ಗಮನಿಸುವುದು ಲಿಯೊನಾರ್ಡ್ ಅವರನ್ನು. ಅವರಿಗೆ ಈ ಸನ್ನಿವೇಶ ಹೊಸತಲ್ಲ. ಹತ್ತು ವರ್ಷದ ಹಿಂದೆ, ಬೇರೆ ದೇಶದಲ್ಲಿ, ಹೊಸದಾಗಿ ಬಂದ ಮುಖ್ಯಸ್ಥ ತಾವೇ ಆಗಿದ್ದರು.

ನ್ಯೂಯಾರ್ಕಿನಲ್ಲಿ ರವೀಂದ್ರನಾಥ ಠಾಕೂರರನ್ನು ಕಂಡ ಈ ಕೃಷಿ ಪದವೀಧರ, ಕವಿಯ ಕರೆಗೆ ಓಗೊಟ್ಟು 1921ರ ಕೊನೆಗೆ ಬಂಗಾಳಕ್ಕೆ ಬಂದರು. ಅದೇ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ವಿಶ್ವಭಾರತಿಯನ್ನು ವಿಧ್ಯುಕ್ತವಾಗಿ ಲೋಕಕ್ಕೆ ಒಪ್ಪಿಸಿದ ಸಭೆಗೆ ಅಧ್ಯಕ್ಷರಾಗಿದ್ದವರು ಬ್ರಜೇಂದ್ರನಾಥ ಸೀಲ್. ನಮ್ಮ ಮೈಸೂರು ವಿಶ್ವವಿದ್ಯಾಲಯವನ್ನು 1920ರ ದಶಕದಲ್ಲಿ ಕುಲಪತಿಯಾಗಿ ನಡೆಸಿದ ಸೀಲ್ ಅವರೇ. 1922ರ ಫೆಬ್ರುವರಿಯಲ್ಲಿ ಲಿಯೊನಾರ್ಡ್ ಶಾಂತಿನಿಕೇತನಕ್ಕೆ ಹತ್ತಿರದ ಸುರುಲ್ ಹಳ್ಳಿಯಲ್ಲಿ ಗ್ರಾಮ ಪುನರುಜ್ಜೀವನ ಕೇಂದ್ರ ತೆರೆದರು. ಮುಂದೆ ಅದೇ ಶ್ರೀನಿಕೇತನವಾಯಿತು. ಹಣ ಡೊರೊಥಿಯದು. ಸುತ್ತ ಮಲೇರಿಯಾ, ಸವೆದ ಹೊಲ, ಮೇಲುಕೀಳಿನ ಕಟ್ಟು. ಬಿಳಿಯ ಸಾಹೇಬನೊಬ್ಬ ಬಂದು ನಿಮ್ಮೂರು ಸುಧಾರಿಸುತ್ತೇನೆ ಎಂದರೆ ನಂಬುವ ಕಾಲವೂ ಅಲ್ಲ. ಅಸಹಕಾರ ಚಳವಳಿಯ ಕಾವು ಇಳಿದಿರಲಿಲ್ಲ. ಲಿಯೊನಾರ್ಡ್ ಮಾಡಿದ ಮೊದಲ ಕೆಲಸಗಳಲ್ಲೊಂದು, ಪಾಯಖಾನೆಗೆ ಬೇರೆ ಜಾತಿಯವರನ್ನು ಇಡದೆ, ಬಕೆಟ್ಟುಗಳನ್ನು ಹುಡುಗರ ಜೊತೆ ತಾವೇ ಹೊತ್ತು ಹೊಲದ ಗುಂಡಿಗೆ ಸುರಿದು ಗೊಬ್ಬರ ಮಾಡಿದ್ದು. ಭದ್ರಲೋಕದ, ಅಂದರೆ ಬಂಗಾಳದ ಮೇಲುವರ್ಗದ, ಮನೆಗಳಿಂದ ಬಂದ ಹುಡುಗರಿಗೆ ಅದೆಂಥ ಗಳಿಗೆಯಾಗಿರಬೇಕು! ಆ ದಿನ ಅವರು ಒಪ್ಪಿದ್ದು ಸಾಹೇಬನನ್ನಲ್ಲ, ಬಕೆಟ್ಟಿನ ಇನ್ನೊಂದು ಕಿವಿ ಹಿಡಿದ ಮನುಷ್ಯನನ್ನು.

ಠಾಕೂರರು ಆ ಕೆಲಸದಲ್ಲಿ ಕೈಹಾಕಲಿಲ್ಲ. ಕನಸು ಅವರದೇ, ನೆಲ ಅವರದೇ. ಆದರೂ ನಡೆಸುವ ಹೊಣೆಯನ್ನು ಮೂವತ್ತೂ ದಾಟದ ಪರದೇಶಿಯ ಕೈಗೆ ಕೊಟ್ಟು ದೂರ ನಿಂತರು. ಲಿಯೊನಾರ್ಡ್ ಕೂಡ ಅಲ್ಲಿ ಬೇರೂರಿ ಕೂರಲಿಲ್ಲ. ಕೆಲವೇ ವರ್ಷಗಳಲ್ಲಿ ಕೇಂದ್ರವನ್ನು ಬಂಗಾಳದ ಸಂಗಾತಿಗಳಿಗೆ ಒಪ್ಪಿಸಿ ಹೊರಟರು. ಹೀಗೆ ನಂಬಿಸಿಕೊಂಡವನಿಗೆ ನಂಬುವುದು ಹೇಗೆಂದು ಗೊತ್ತಿರುತ್ತದೆ. 1930ರಲ್ಲಿ, ಕರ್ರಿ ಬರುವುದಕ್ಕೆ ಹಿಂದಿನ ವರ್ಷ, ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಠಾಕೂರರು ಡಾರ್ಟಿಂಗ್ಟನ್ನಿಗೆ ಬಂದು ಉಳಿದಿದ್ದರು, ಇಲ್ಲೇ ಕೂತು ಚಿತ್ರ ಬರೆದಿದ್ದರು. ಈ ಅಂಗಳದ ಕಲ್ಲುಗಳಿಗೆ ಶಾಂತಿನಿಕೇತನದ ಪರಿಚಯವಿದೆ.

ಬಿಟ್ಟುಕೊಡುವುದು ಮಾತಿನಲ್ಲಿ ಸುಲಭ. ಡಾರ್ಟಿಂಗ್ಟನ್ನಿನಲ್ಲಿ ಅದು ಕಲ್ಲು, ಗಾರೆ, ಕಬ್ಬಿಣವಾಗಿ ಕಾಣುತ್ತದೆ. ಬನ್ನಿ, ಅಂಗಳ ಬಿಟ್ಟು ಆಚೆಯ ದಿಬ್ಬದ ಕಡೆ ನಡೆಯೋಣ.

ಇಲ್ಲಿ ಶಾಲೆಗೆಂದೇ ಬೇರೆ ಕಟ್ಟಡಗಳು ಏಳುತ್ತಿವೆ. ಚಿಕ್ಕಮಕ್ಕಳಿಗೆ ಆಲರ್ ಪಾರ್ಕ್, ದೊಡ್ಡವರಿಗೆ ಫಾಕ್ಸ್‌ಹೋಲ್. ಎಲ್ಮ್‌ಹರ್ಸ್ಟರ ಊಟದ ಕೋಣೆಯಿಂದ ಕಾಣುವಷ್ಟು ಹತ್ತಿರವಿದ್ದ ಶಾಲೆ ಇನ್ನು ಮುಂದೆ ಅವರ ಕಣ್ಣಳತೆಯಿಂದಾಚೆ ಹೋಗುತ್ತದೆ. ಮಕ್ಕಳ ಗಲಾಟೆಗೆಂದೇ ಮನೆ ಕೊಂಡವರು ಗಲಾಟೆಯನ್ನು ದಿಬ್ಬದಾಚೆಗೆ ಕಳಿಸಲು ತಾವೇ ಹಣ ಕೊಡುತ್ತಿದ್ದಾರೆ.

ಅದಕ್ಕಿಂತ ದಿಟ್ಟವಾದದ್ದು ಹೆಡ್‌ಮಾಸ್ಟರರ ಮನೆ, ಹೈ ಕ್ರಾಸ್ ಹೌಸ್. ಹುಲ್ಲು ಹೊದೆಸಿದ ಮಾಡು, ದಪ್ಪ ಕಲ್ಲುಗೋಡೆಯ ಊರಿನಲ್ಲಿ ಇದು ಚಪ್ಪಟೆ ತಾರಸಿಯ, ಬಿಳಿ ಮತ್ತು ನೀಲಿ ಬಣ್ಣದ, ಉಕ್ಕಿನ ಕಿಟಕಿಗಳ ಚೌಕಾಕಾರದ ಮನೆ. ಜಿನೀವಾ ಬಳಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಲಿಯಂ ಲೆಸ್ಕೇಜ್ ಇದರ ವಾಸ್ತುಶಿಲ್ಪಿ. ಓಕ್ ಲೇನ್ ಶಾಲೆಯ ಶಿಶುವಿಹಾರದ ಕಟ್ಟಡ ಅವರದೇ, ಅಲ್ಲಿಂದಲೇ ಕರ್ರಿಯವರಿಗೆ ಪರಿಚಯ. ಇದೇ ಹೊತ್ತಿಗೆ ಲೆಸ್ಕೇಜ್ ತಮ್ಮ ಪಾಲುದಾರ ಜಾರ್ಜ್ ಹೌ ಜೊತೆ ಫಿಲಡೆಲ್ಫಿಯಾದಲ್ಲಿ ಒಂದು ಬ್ಯಾಂಕಿಗೆ ಗಗನಚುಂಬಿ ಕಟ್ಟುತ್ತಿದ್ದರು. ಹೈ ಕ್ರಾಸ್ ಹೌಸ್ 1932ರಲ್ಲಿ ಮುಗಿಯಿತು. ಬ್ರಿಟನ್ನಿನ ಮೊದಮೊದಲ ಆಧುನಿಕ ಶೈಲಿಯ ಮನೆಗಳಲ್ಲಿ ಇದೂ ಒಂದು.

ಯೋಚಿಸಿ: ಐದಾರು ವರ್ಷ ಮಧ್ಯಯುಗದ ಹಜಾರವೊಂದನ್ನು ತೊಲೆ ತೊಲೆಯಾಗಿ ಎತ್ತಿ ನಿಲ್ಲಿಸಿದ ದಂಪತಿಗೆ ಈ ಬಿಳಿಪೆಟ್ಟಿಗೆ ಮೊದಲ ನೋಟಕ್ಕೇ ಹಿಡಿಸುವಂಥದ್ದೇ? ಹೊಸ ಶಿಕ್ಷಣಕ್ಕೆ ಹೊಸ ಬಗೆಯ ಮನೆಯೇ ತಕ್ಕುದೆಂದು ಕರ್ರಿಯವರ ಹಟ. ಎಲ್ಮ್‌ಹರ್ಸ್ಟರು ಕಟ್ಟಿಸಿದರು. ಅದೊಂದೇ ಮನೆಗೆ ನಿಲ್ಲದೆ ಶಾಲೆಯ ಮಕ್ಕಳು ಉಳಿಯುವ ಮನೆಗಳನ್ನೂ ಲೆಸ್ಕೇಜ್ ಕೈಯಲ್ಲಿ ಕಟ್ಟಿಸಿದರು. ಹಾರತುರಾಯಿಗಿಂತ ನಿಜವಾದ ಸ್ವಾಗತ ಇದೇ ಎಂದು ನಾನು ಹೇಳುತ್ತೇನೆ. ನಿನ್ನ ರುಚಿ ನನ್ನದಲ್ಲ, ಆದರೂ ನನ್ನ ನೆಲದ ಮೇಲೆ ಅದಕ್ಕೆ ಜಾಗವಿದೆ.

ಇದಕ್ಕೆ ಬೆಲೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಎಸ್ಟೇಟೇ ಪಾಠಶಾಲೆ ಎಂಬುದು ಲಿಯೊನಾರ್ಡ್ ಕನಸು. ಸುರುಲ್‌ನಿಂದ ಹೊತ್ತು ತಂದದ್ದು. ಹೊಲದಲ್ಲಿ ದುಡಿಯುವವರ ಮಗುವೂ ಬುದ್ಧಿಜೀವಿಯ ಮಗುವೂ ಒಂದೇ ಕೋಳಿಗೂಡಿನ ಮುಂದೆ ನಿಲ್ಲಬೇಕು ಎನ್ನುವ ಕನಸು. ಕರ್ರಿ ಬೇರೆ ಥರದವರು. ಅವರಿಗೆ ಶಾಲೆಯೇ ಒಂದು ಪುಟ್ಟ ಸಮಾಜ. ಅಲ್ಲಿ ಮಾತು, ಪುಸ್ತಕ, ವಾದ, ಸಂಗೀತ ಮುಖ್ಯ. ಎಸ್ಟೇಟಿನ ಲಾಭನಷ್ಟಕ್ಕೂ ಮಗುವಿನ ದಿನಚರಿಗೂ ಗಂಟುಹಾಕುವುದು ಅವರಿಗೆ ಬೇಕಿರಲಿಲ್ಲ. ಶಾಲೆ ದಿಬ್ಬದಾಚೆ ಹೋದಂತೆ ಹೊಲಕ್ಕೂ ತರಗತಿಗೂ ಇದ್ದ ಎಳೆ ಸಡಿಲವಾಯಿತು. ಅದು ನಷ್ಟವೇ. ನಮ್ಮಲ್ಲಿ ಬುನಾದಿ ಶಿಕ್ಷಣದ ಹೆಸರಿನಲ್ಲಿ ಇದೇ ಎಳೆ ಹಿಡಿಯಲು ಹೊರಟು ಎಷ್ಟೋ ಶಾಲೆಗಳು ಕೈಬಿಟ್ಟಿದ್ದನ್ನು ನೋಡಿದವರಿಗೆ ಆ ನಷ್ಟದ ಆಳ ತಿಳಿದೀತು. ಆದರೂ ಲಿಯೊನಾರ್ಡ್ ಹೊಸಬರ ಕೈ ಕಟ್ಟಲಿಲ್ಲ. ತಮ್ಮ ಕನಸನ್ನೇ ಮುಂದುವರಿಸುವ ಗುಮಾಸ್ತ ಬೇಕಾಗಿದ್ದರೆ ಫಿಲಡೆಲ್ಫಿಯಾದವರೆಗೆ ಹುಡುಕಬೇಕಿರಲಿಲ್ಲ.

ಮಕ್ಕಳ ಪಾಲಿಗೆ ಏನಾಯಿತು? ಅವರ ಸ್ವಾತಂತ್ರ್ಯ ಕಡಿಮೆಯಾಗಲಿಲ್ಲ, ಅದಕ್ಕೆ ಒಬ್ಬ ಹೊಣೆಗಾರ ಸಿಕ್ಕ. ಪಾದ್ರಿಯ ದೂರು ಬಂದರೆ, ಪತ್ರಿಕೆಯಲ್ಲಿ ಟೀಕೆ ಬಂದರೆ, ಹೆತ್ತವರು ಕೋಪದಲ್ಲಿ ಬಂದರೆ ಎದುರು ಕೂತು ಉತ್ತರ ಹೇಳುವುದು ಕರ್ರಿಯವರ ಕೆಲಸ. ಅವರನ್ನು ಮಕ್ಕಳು ಸರ್ ಎನ್ನಲಿಲ್ಲ. ಕರ್ರಿ ಎಂದೇ ಕರೆದರು, ಎದುರಿನಲ್ಲೂ. 1931ರಲ್ಲೇ ಅಮೆರಿಕದ ಚಿತ್ರಕಾರ ಮಾರ್ಕ್ ಟೋಬಿ ಕೂಡ ಕಲಿಸಲು ಬಂದು ಸೇರಿದರು. ಮುಂದೆ ರಸೆಲ್ ತಮ್ಮ ಇಬ್ಬರು ಮಕ್ಕಳನ್ನು ಕಳಿಸಿದರು, ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಮಗನನ್ನು ಕಳಿಸಿದರು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದ ಕುಟುಂಬಗಳ ಮಕ್ಕಳೂ ಬಂದರು. ಅವರಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಮೊಮ್ಮಗ ಲೂಸಿಯನ್ ಒಬ್ಬ. ಇಂಗ್ಲಿಷ್ ಸರಿಯಾಗಿ ಬಾರದ ಆ ಹುಡುಗ ತರಗತಿಗಿಂತ ಹೆಚ್ಚು ಹೊತ್ತು ಕುದುರೆಗಳ ಜೊತೆಗೇ ಕಳೆದ. ಬೇರೆ ಶಾಲೆಯಲ್ಲಾದರೆ ಕಿವಿ ಹಿಂಡಿ ಎಳೆತರುತ್ತಿದ್ದರು. ಇಲ್ಲಿ ಬಿಟ್ಟರು. ಅವನು ಮುಂದೆ ಆ ಶತಮಾನದ ಬ್ರಿಟನ್ನಿನ ದೊಡ್ಡ ಚಿತ್ರಕಾರರಲ್ಲಿ ಒಬ್ಬನಾದ. ಕುದುರೆಗಳನ್ನು ಕೊನೆಯವರೆಗೂ ಚಿತ್ರಿಸಿದ. ಬಿಟ್ಟದ್ದರಿಂದಲೇ ಹಾಗಾದನೆಂದು ನಾನು ವಾದಿಸುವುದಿಲ್ಲ. ಹತ್ತರ ವಯಸ್ಸಿನಲ್ಲಿ ದೇಶ, ಭಾಷೆ ಎರಡನ್ನೂ ಕಳೆದುಕೊಂಡ ಮಗುವಿಗೆ ಕುದುರೆಯ ಹತ್ತಿರ ಸಿಕ್ಕ ನೆಮ್ಮದಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನನಗೆ ಅಷ್ಟೇ ಸಾಕು.

ಕರ್ರಿ 26 ವರ್ಷ ಉಳಿದರು. 1934ರಲ್ಲಿ ತಮ್ಮ ಶಿಕ್ಷಣ ವಿಚಾರಗಳನ್ನು ಪುಸ್ತಕ ಮಾಡಿದರು. 1939ರಲ್ಲಿ, ಯುದ್ಧ ಬಾಗಿಲಿಗೆ ಬಂದಾಗ, ದೇಶಗಳು ಒಕ್ಕೂಟವಾಗಿ ಬಾಳಬೇಕೆಂದು ವಾದಿಸುವ ಕಿರುಪುಸ್ತಕವನ್ನು ಪೆಂಗ್ವಿನ್‌ಗೆ ಬರೆದರು. ಹೈ ಕ್ರಾಸ್ ಹೌಸ್ ಊರಿನವರ ಕಣ್ಣಿಗೆ ರೂಢಿಯಾಯಿತು.

1957ರಲ್ಲಿ ಅವರು ಇಳಿದಾಗ ಶಾಲೆಗೆ ಮತ್ತೆ ಮುಖ್ಯಸ್ಥರು ಬೇಕಾದರು. ಆಗ ಡಾರ್ಟಿಂಗ್ಟನ್ನನ್ನು ನೋಡಿಕೊಳ್ಳುತ್ತಿದ್ದ ಟ್ರಸ್ಟಿನ ಸದಸ್ಯರಲ್ಲಿ ಒಬ್ಬರ ಮುಖ ನಿಮಗೆ ಗೊತ್ತು. ಮೈಕೇಲ್ ಯಂಗ್. 1945ರಲ್ಲಿ ಲೇಬರ್ ಪಕ್ಷದ ಚುನಾವಣಾ ಪ್ರಣಾಳಿಕೆ ಬರೆದವರು, ಮುಂದೆ ಮುಕ್ತ ವಿಶ್ವವಿದ್ಯಾಲಯದ ಕಲ್ಪನೆಯನ್ನು ಬಿತ್ತಿದವರು, ಎಲ್ಮ್‌ಹರ್ಸ್ಟ್ ದಂಪತಿಯ ಕಥೆಯನ್ನು ಪುಸ್ತಕವಾಗಿ ಬರೆದವರು. 1942ರಿಂದಲೇ ಅವರು ಟ್ರಸ್ಟಿನಲ್ಲಿದ್ದರು. ಹದಿನಾರರಲ್ಲಿ ಅಂಗಳದಿಂದ ಹೊಸ ಹೆಡ್‌ಮಾಸ್ಟರನ್ನು ನೇರವಾಗಿ ನೋಡಿದ ಹುಡುಗ, ಈಗ ನಲವತ್ತು ದಾಟಿ, ಮುಂದಿನವರನ್ನು ಬರಮಾಡಿಕೊಳ್ಳುವ ಕಡೆಯಲ್ಲಿದ್ದರು. ಈ ಸಲ ಬಂದದ್ದು ಒಬ್ಬರಲ್ಲ, ಗಂಡಹೆಂಡತಿ: ಹ್ಯೂ ಮತ್ತು ಲೋಯಿಸ್ ಚೈಲ್ಡ್, ಹುದ್ದೆಯನ್ನು ಸರಿಸಮ ಹಂಚಿಕೊಂಡು.